ಮೂರನೇ ಕೂಗಿನ ಬಡಾಯಿ

ಮಂಡಿಪೇಟೆ, ದಾವಣಗೆರೆ
೧೨-೧-೧೯೫೯

ಪ್ರೀತಿಯ ಮಗಳು ಶಹರ್ಬಾನುಗೆ,

ನಿನ್ನ ಅಬ್ಬಾ ಮಸ್ತಾನಸಾಬನ ಸಲಾಮು, ದುವಾ. ಮೊದಲ ಸಾಲಿಗೇ ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಎಂದುಕೋ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಉತ್ತರ ತಡವಾಯಿತು, ಮಾಫ್ ಮಾಡು. ಮಂಡಿಗೆ ಹತ್ತಿ ಬರುವ ಕಾಲ, ಹರಾಜಿನ ಸವಾಲು ಕೂಗುವವನಿಗೆ ಬಾಯಿ ಮುಚ್ಚಲು ಪುರುಸೊತ್ತಿಲ್ಲ ಎಂದು ಬರೆಯೋಣ ಅಂತಿದ್ದೆ. ನಿನ್ನ ತಾಯಿ ಪಕ್ಕದಲ್ಲೇ ಕೂತಿದ್ದಾಳೆ, "ಮಗಳಿಗಾದ್ರೂ ಖರೆ ಬರೀರಿ" ಅಂದಳು. ಖರೆ ಏನೆಂದರೆ ನಾನು ಸಿಟ್ಟಿನಲ್ಲಿದ್ದೆ. ಇನ್ನೂ ಇದ್ದೇನೆ.

ಆದದ್ದು ಆಗಿಹೋಯಿತು, ಒಂದು ಸಲ ಹರಿಹರಕ್ಕೆ ಬಂದು ಮಾವನವರ ಹತ್ತಿರ ಮಾತಾಡಿ ನನ್ನನ್ನು ಹೆರಿಗೆಗೆ ಕರೆದುಕೊಂಡು ಹೋಗಿ ಎಂದು ಬರೆದಿದ್ದೀಯ. ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಏಳನೇ ತಿಂಗಳಲ್ಲಿ ನಿನಗೆ ಹೂ ಮುಡಿಸಿದ ದಿನ ನೀನು ಹೆಂಗಸರ ಜೊತೆ ಪರದೆಯ ಒಳಗಿದ್ದೆ. ಹೊರಗೆ ನಡೆದದ್ದು ನಿನಗೆ ಅವರಿವರ ಬಾಯಲ್ಲಿ ಗೊತ್ತು. ಒಮ್ಮೆ ನನ್ನ ಬಾಯಲ್ಲೂ ಕೇಳು.

ಊಟ ಮುಗಿದಿತ್ತು. ನಿನ್ನ ಮಾವ ಹಯಾತ್ ಸಾಬರು ಎಂದಿನಂತೆ ತುಟಿ ಹೊಲಿದುಕೊಂಡು ಕೂತಿದ್ದರು. ಕಲಾಯಿ ಹಾಕುವವರಿಗೆ ದಿನವಿಡೀ ಪಾತ್ರೆಗಳ ಜೊತೆ ಇದ್ದು ಮಾತು ಮರೆತುಹೋಗುತ್ತದೋ ಏನೋ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಮಗಳನ್ನು ಕಳಿಸಿಕೊಡಿ ಎಂದು ನಾನು ಕೇಳಬೇಕಿತ್ತು. ಕೇಳಿದೆ. ಆದರೆ ಅಷ್ಟೇ ಕೇಳಿದರೆ ಸಪ್ಪೆ ಎನ್ನಿಸಿತು. ಜನ ಕೂತಿದ್ದರು. ಜನ ಕೂತಿದ್ದರೆ ನನ್ನ ದನಿ ತಾನಾಗಿ ಮೇಲೇರುತ್ತದೆ.

"ದಾವಣಗೆರಿ ಅಂದ್ರೆ ಏನಂದ್ಕಂಡೀರಿ? ಮಿಲ್ಲಿನ ಚಿಮಣಿ ನೋಡಾಕೆ ತಲಿ ಮ್ಯಾಲಿನ ಟೋಪಿ ಹಿಡ್ಕಬೇಕು! ಹೆರಿಗಿಗೆ ಲೇಡಿ ಡಾಕ್ಟ್ರು, ಕರ್ಕಂಡು ಹೋಗಾಕೆ ನಮ್ಮ ಸಾವ್ಕಾರ್ರ ಮೋಟಾರು! ನಿಮ್ಮ ಹರಿಹರದಾಗೆ ಏನೈತ್ರಿ? ಹೊಳಿ ಐತೆ, ಹೊಳಿ ದಂಡಿ ತುಂಬ ಸೊಳ್ಳಿ ಐತೆ!"

ಎಲ್ಲರೂ ನಕ್ಕರು. ಹಯಾತ್ ಸಾಬರು ನಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, "ಹಂಗಾರೆ ಸೊಸಿ ಇಲ್ಲೇ ಇರ್ಲಿ ಬಿಡ್ರಿ. ಸೊಳ್ಳಿ ನಮಗೆ ರೂಢಿ ಐತೆ" ಅಂದರು. ಈಗ ಜನ ಇನ್ನೂ ಜೋರಾಗಿ ನಕ್ಕರು, ನನ್ನನ್ನು ನೋಡಿ.

ಮಂಡಿಯಲ್ಲಿ ಸವಾಲು ಹೇಗೆ ಮುಗಿಯುತ್ತದೆಂದು ಚಿಕ್ಕವಳಿದ್ದಾಗ ಅಂಗಡಿ ಕಟ್ಟೆಯ ಮೇಲೆ ಕೂತು ನೋಡಿದ್ದೀಯ. ಒಂದು ಸಾರಿ, ಎರಡು ಸಾರಿ, ಮೂರನೇ ಸಾರಿಗೆ ಹೆಗಲ ಮೇಲಿನ ಟವಲು ತೆಗೆದು ಹತ್ತಿ ತುಂಬಿದ ಅಂಡಿಗೆಗೆ ಬಡಿದರೆ ಮುಗಿಯಿತು. ಆಮೇಲೆ ರೈತ ಅತ್ತರೂ ಇಲ್ಲ, ಖರೀದಿದಾರ ಕಾಲಿಗೆ ಬಿದ್ದರೂ ಇಲ್ಲ. ಆ ದಿನ ನಾನು ಎದ್ದು ನಿಂತು ಕೂಗಿಯೇಬಿಟ್ಟೆ: "ಕೇಳ್ರಿ ಎಲ್ರೂ! ನನ್ನ ಮಗಳನ್ನ ನನ್ನ ಮನಿಗೆ ಕಳಿಸೋವರ್ಗೂ ಮಸ್ತಾನಸಾಬ್ ಈ ಹೊಸ್ತಿಲು ತುಳಿಯಂಗಿಲ್ಲ! ಒಂದು ಸಾರಿ! ಎರಡು ಸಾರಿ! ಮೂರು ಸಾರಿ!" ಟವಲನ್ನು ನಿಮ್ಮ ಮನೆಯ ಹೊಸ್ತಿಲಿಗೆ ಬಡಿದೆ.

ಈಗ ಅವರು ತಂದೆ ಬಂದು ಕರೆದರೆ ಕಳಿಸುತ್ತೇವೆ ಅನ್ನುತ್ತಾರೆ. ನಾನೋ, ಅವರು ಮೊದಲು ಕಳಿಸಿದರೆ ಬರುತ್ತೇನೆ ಎಂದು ಕೂಗಿದ್ದೇನೆ. ಇದರಲ್ಲಿ ನನ್ನ ತಪ್ಪು ಎಷ್ಟು ಅವರ ತಪ್ಪು ಎಷ್ಟು ಎಂದು ನೀನೇ ಹೇಳು. ಬೇಡ, ಹೇಳಬೇಡ.

ನನಗೆ ಚುಚ್ಚಿದ್ದು ಹಯಾತ್ ಸಾಬರ ಮಾತಲ್ಲ. ನಾನು ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಆ ಮನೆಯೊಳಗಿಂದ ಒಬ್ಬರು ಅಂದರು, "ಬರೀ ಬಡಾಯಿ." ಯಾರೆಂದು ಬರೆಯುವುದಿಲ್ಲ. ನನಗೆ ಕಿವಿ ಚೆನ್ನಾಗಿವೆ, ಅಷ್ಟು ತಿಳಿದರೆ ಸಾಕು.

ಬಡಾಯಿ! ಆ ಮಾತನ್ನು ಎಲ್ಲಿ ಬಳಸಬೇಕೆಂದು ಜನಕ್ಕೆ ಗೊತ್ತೇ ಇಲ್ಲ ಮಗಳೇ. ಬಟ್ಟೆಯಲ್ಲಿ ತೋರಿಸಿದರೆ ಡೌಲು. ನಡಿಗೆಯಲ್ಲಿ ತೋರಿಸಿದರೆ ಜಂಬ. ಬಾಯಲ್ಲಿ ಮಾತ್ರ ಇದ್ದರೆ ಬಡಾಯಿ. ಅದನ್ನು ಆಡುತ್ತಾರೆ ಅನ್ನುವುದಿಲ್ಲ, ಹೇಳುತ್ತಾರೆ ಅನ್ನುವುದಿಲ್ಲ, ಕೊಚ್ಚುತ್ತಾರೆ ಅನ್ನುತ್ತಾರೆ. ಸೊಪ್ಪು ಕೊಚ್ಚಿದ ಹಾಗೆ. ನಮ್ಮ ಮನೆಮಾತಿನಲ್ಲಿ ಅದು ದೊಡ್ಡತನಕ್ಕೆ, ಹೊಗಳಿಕೆಗೆ ಆಡುವ ಮಾತು. ಬಜಾರಿಗೆ ಬಂದು ಕೆಟ್ಟುಹೋಯಿತು. ಆದರೂ ಅದಕ್ಕೊಂದು ಅಳತೆ ಇದೆ. ಲೋಕಿಕೆರೆಯಿಂದ ಬಂದ ಹತ್ತಿಯನ್ನು ನಾನು ಬೆಳ್ಳಿ ಎಂದು ಕೂಗುತ್ತೇನೆ. ಅದು ಬಡಾಯಿಯಲ್ಲ, ಯಾಕೆಂದರೆ ಅಂಡಿಗೆ ಬಿಚ್ಚಿದರೆ ಹತ್ತಿ ಇರುತ್ತದೆ. ನಾನು ಸಣ್ಣ ದನಿಯಲ್ಲಿ "ಒಂದಿಷ್ಟು ಹತ್ತಿ ಐತ್ರಿ" ಅಂದರೆ ಆ ರೈತ ಬಸ್ ಚಾರ್ಜಿಗೆ ಸಾಲ ಮಾಡಿಕೊಂಡು ಊರಿಗೆ ಹೋಗಬೇಕಾಗುತ್ತದೆ. ಅಂಡಿಗೆಯೊಳಗೆ ಹತ್ತಿಯೇ ಇಲ್ಲದಿದ್ದರೆ, ಕೂಗಿದ ಮಾತು ಕೂಗಿದವನೇ ಉಳಿಸಿಕೊಳ್ಳದಿದ್ದರೆ, ಅದು ಬಡಾಯಿ. ನನ್ನ ಮಾತನ್ನು ನಾನು ಉಳಿಸಿಕೊಂಡಿದ್ದೇನೆ. ಹೊಸ್ತಿಲು ತುಳಿದಿಲ್ಲ. ಹೀಗಿರುವಾಗ ಹೇಗೆ ಬಡಾಯಿ ಆಗುತ್ತದೆ?

ಆ ದಿನ ಭಾನುವಳ್ಳಿಯ ಅಂಜಿನಪ್ಪ ಕೂಡ ಅಲ್ಲಿದ್ದನಲ್ಲ, ನಿನ್ನ ಮಾವನ ಗೆಳೆಯ. ಅವನು ಹತ್ತಿ ತಂದಾಗಲೆಲ್ಲ ನನ್ನ ಮೂರನೇ ಕೂಗಿನ ಕಥೆಯನ್ನೂ ತರುತ್ತಾನೆ. ಈಗ ಇಡೀ ಮಂಡಿಪೇಟೆಗೆ ಗೊತ್ತು. ನಮ್ಮ ಸಾವುಕಾರರು ಪರಮೇಶ್ವರಪ್ಪನವರು ನನ್ನನ್ನು ಗದ್ದುಗೆಯ ಹತ್ತಿರ ಕರೆದು ಹೇಳಿದರು: "ಮಸ್ತಾನಪ್ಪ, ಕೂಗಿದ್ದೀಯಂತೆ. ಉಳಿಸ್ಕ. ಮೂರನೇ ಕೂಗು ವಾಪಸ್ ತಗಂಡೋನ ದನಿಗೆ ನನ್ನ ಮಂಡಿಯಾಗೆ ಯಾರು ಬೆಲೆ ಕಟ್ತಾರೆ? ನಾನು ಬ್ಯಾರೆಯೋರನ್ನ ನೋಡ್ಕಬೇಕಾಗ್ತೈತೆ." ಇಪ್ಪತ್ತು ವರ್ಷ ಅನ್ನ ಕೊಟ್ಟ ಗಂಟಲು ಇದು. ಆದ್ದರಿಂದ ನಾನು ಬರಲಾರೆ. ಅಳಿಯ ಜಮಾಲ್ ಸಾಬರೇ ಕಾರ್ಖಾನೆಗೆ ಒಂದು ದಿನ ರಜೆ ಹಾಕಿ ನಿನ್ನನ್ನು ಬಸ್ಸು ಹತ್ತಿಸಲಿ. ಅವರಿಗೆ ನನ್ನ ದುವಾ ಹೇಳು. ಅತ್ತೆ ಹಜೀರಾಬೀಯವರಿಗೆ ಸಲಾಮು. ಹಯಾತ್ ಸಾಬರಿಗೂ ಹೇಳು, ಹೇಳದಿದ್ದರೂ ನಡೆಯುತ್ತದೆ.

ಅಲ್ಲಾಹ್ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ತಂಪಾಗಿ ಇಡಲಿ.

ನಿನ್ನ ಅಬ್ಬಾ
ಮಸ್ತಾನಸಾಬ್

*

ಮಂಡಿಪೇಟೆ, ದಾವಣಗೆರೆ
೨೪-೧-೧೯೫೯

ಮಗಳೇ ಬಾನು,

ನಿನ್ನ ತಾಯಿ ನಿನ್ನನ್ನು ನೋಡಿಕೊಂಡು ಬಂದಾಗಿನಿಂದ ನನ್ನ ಜೊತೆ ಮಾತಾಡಿಲ್ಲ. ರೊಟ್ಟಿ ಬಡಿಯುವ ಸದ್ದಿನಲ್ಲೇ ಎಲ್ಲವನ್ನೂ ಹೇಳುತ್ತಾಳೆ. ಮೊದಲ ದಿನ ಮಾತ್ರ ಒಂದಿಷ್ಟು ಹೇಳಿದಳು. ನಿನ್ನ ಕಾಲು ಬಾತಿವೆಯಂತೆ. ಬಳೆಗಳು ಕೈಗೆ ಹಿಡಿದು ಕೂತಿವೆಯಂತೆ. ಮುಖ ಕೂಡ. "ನಮ್ಮ ಬಾನು ಮಾರಿ ನಂಗೇ ಗುರ್ತು ಸಿಗ್ಲಿಲ್ಲ" ಅಂದಳು. ಚೊಚ್ಚಲ ಬಸುರಿಗೆ ಬಾವು ಬಂದೇ ಬರುತ್ತದೆ ಎಂದು ನಿನ್ನ ಅತ್ತೆ ಸಮಾಧಾನ ಹೇಳಿದರಂತೆ. ನಿನ್ನ ತಾಯಿ ಸೆರಗೊಡ್ಡಿ ಕೇಳಿದಾಗ ಹಯಾತ್ ಸಾಬರು ಅಂದರಂತೆ: "ಕೂಗಿದೋರು ಬರ್ಲಿ, ತಂಗಿ. ಅವರೇ ಬಾಯಿಬಿಟ್ಟು ಕರೀಲಿ. ನಾನು ಆ ಗಳಿಗೆನೇ ಕಳಿಸ್ತೀನಿ."

ನೋಡು ಎಂಥ ಹಟ! ಬಾಯಿ ಬಿಡದವರ ಹಟ ನನ್ನಂಥ ಬಾಯಿಬಡುಕರ ಹಟಕ್ಕಿಂತ ಕೆಟ್ಟದ್ದು.

ಮುಖ ಬಾತಿದೆ ಅಂದ ಕೂಡಲೇ ನನಗೆ ಮಾಸೂಮಾ ನೆನಪಾದಳು. ನಿನಗೆ ಮಾಸೂಮಾ ಫುಪ್ಪು ಗೊತ್ತಿಲ್ಲ, ನನ್ನ ತಂಗಿ. ನೀನು ಹುಟ್ಟುವ ಮೊದಲೇ ಹೋದಳು, ಭಾನುವಳ್ಳಿಯಲ್ಲಿ, ಚೊಚ್ಚಲ ಹೆರಿಗೆಯಲ್ಲಿ. ಅವಳ ಮುಖವೂ ಹೀಗೇ ಬಾತಿತ್ತು. ಬಸುರಿ ಹೆಣ್ಣು ತುಂಬಿಕೊಂಡಿದ್ದಾಳೆ ಎಂದು ನಮ್ಮ ಅವ್ವ ದೃಷ್ಟಿ ತೆಗೆದಳು. ಆ ದಿನ ನಿಮ್ಮ ಮನೆಯಲ್ಲಿ ಲೇಡಿ ಡಾಕ್ಟರು, ಮೋಟಾರು, ಚಿಮಣಿ ಎಂದೆಲ್ಲ ಕೂಗಿದೆನಲ್ಲ, ನನ್ನ ತಲೆಯಲ್ಲಿ ಇದ್ದದ್ದು ಮಾಸೂಮಾ. "ನನಗೆ ಹೆದರಿಕಿ ಐತ್ರಿ, ಮಗಳನ್ನ ಆಸ್ಪತ್ರಿ ಇರೋ ಊರಿಗೆ ಕಳಿಸ್ರಿ" ಅಂದಿದ್ದರೆ ಮುಗಿಯುತ್ತಿತ್ತು. ಹಯಾತ್ ಸಾಬರು ಕಲ್ಲಿನ ಮನುಷ್ಯರಲ್ಲ. ಆದರೆ ಅಷ್ಟು ಜನರ ಮುಂದೆ ಹೆದರಿಕೆ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಹೊಳೆ, ಸೊಳ್ಳೆ ಬಂದವು.

ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನನ್ನು ಕಂಡೆ. ಬಾವು ಎಲ್ಲೆಲ್ಲಿ ಇದೆ, ತಲೆನೋವು ಇದೆಯಾ, ಕಣ್ಣು ಮಂಜಾಗುತ್ತದಾ ಎಂದು ಕೇಳಿದರು. ನನಗೇನು ಗೊತ್ತು? "ಮುಖ ಬಾತಿದ್ದರೆ ನಾಳೆ ಎನ್ನಬೇಡಿ, ಕರೆದುಕೊಂಡು ಬನ್ನಿ. ಹರಿಹರ ಏನು ದೂರ? ಯಾಕೆ ತಡ ಮಾಡುತ್ತಿದ್ದೀರಿ?" ಅಂದರು. ನಾನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತೆ.

ಅಲ್ಲಿಂದ ನೇರವಾಗಿ ಹರಿಹರದ ಬಸ್ಸು ಹತ್ತಿದೆ. ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದೆ, ಬೀದಿ ತುಳಿಯುವುದಿಲ್ಲ ಎಂದಿರಲಿಲ್ಲ. ನಿಮ್ಮ ಮನೆಯ ಮುಂದೆ ನಿಂತೆ. ನಿನ್ನ ಮಾವ ಕಲಾಯಿ ಕುಲುಮೆಯ ತಿದಿ ಒತ್ತುತ್ತಾ ಕೂತಿದ್ದರು. ನನ್ನನ್ನು ನೋಡಿ ಎದ್ದು ಕೈ ಒರೆಸಿಕೊಂಡು, "ಬರ್ರಿ ಮಸ್ತಾನಸಾಬ್ರೆ, ಒಳಗೆ ಬರ್ರಿ, ಕೂಡ್ರಿ" ಅಂದರು. ಎಷ್ಟು ಮರ್ಯಾದೆಯಿಂದ ಅಂದರು! ಕಾಲು ಮುಂದೆ ಹೋಯಿತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ನಮ್ಮ ಮಂಡಿಗೆ ಬರುವ ಇಬ್ಬರು ರೈತರು ನಿಂತು ನನ್ನ ಕಾಲನ್ನೇ ನೋಡುತ್ತಿದ್ದರು. ನಾನು ನಿಂತೆ.

"ಮಗಳನ್ನ ಹೊರಗೆ ಕಳಿಸ್ರಿ. ಇಲ್ಲಿಂದ್ಲೇ ನೋಡ್ಕಂಡು ಹೋಗ್ತೀನಿ" ಅಂದೆ.

ಹಯಾತ್ ಸಾಬರ ಮುಖ ಕಪ್ಪಾಯಿತು. "ಬೀದ್ಯಾಗೆ ನಿಲ್ಲಿಸಿ ತೋರ್ಸಾಕೆ ಅವಳೇನು ಹತ್ತಿ ಅಂಡಿಗೇನ್ರಿ?" ಎಂದು ಮತ್ತೆ ತಿದಿಯ ಮುಂದೆ ಕೂತರು.

ಕಿಟಕಿಯ ಸರಳಿನ ಹಿಂದೆ ನಿನ್ನ ಕೈ ಕಂಡಿತು. ಬಳೆಗಳಿಂದ ಗುರುತು ಹಿಡಿದೆ. ಕೈ ಅಲುಗಿತು, ನನ್ನನ್ನು ಕರೆಯಿತೋ ಹೋಗು ಅಂದಿತೋ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಮೇಲೆ ನನಗೇ ಎಷ್ಟು ಅಸಹ್ಯವಾಯಿತೆಂದರೆ ಪಕ್ಕದವನು ಹೊಟ್ಟೆನೋವಾ ಎಂದು ಕೇಳಿದ.

ಈಗ ನಾನು ಹೇಳುವುದು ಕೇಳು. ಯಾರನ್ನೂ ಕೇಳಬೇಡ. ಜಮಾಲ್ ಸಾಬರ ಕೈ ಹಿಡಿದುಕೊಂಡು ಹೊಸ್ತಿಲು ದಾಟಿ ಬಂದುಬಿಡು. ನೀನು ದಾಟಿದರೆ ನಾನು ತುಳಿಯಬೇಕಾಗಿಲ್ಲ, ಇಬ್ಬರು ಮುದುಕರ ಮಾತೂ ಉಳಿಯುತ್ತದೆ. ಉಪ್ಪಿನಕಾಯಿ ಮುಟ್ಟಬೇಡ ಎಂದು ಡಾಕ್ಟರಮ್ಮ ಹೇಳಿದ್ದಾರೆ. ತಲೆನೋವು ಇದ್ದರೆ ಮುಚ್ಚಿಡದೆ ಬರೆ.

ನಿನ್ನ ಅಬ್ಬಾ
ಮಸ್ತಾನಸಾಬ್

*

ಸಾವುಕಾರರ ಮಂಡಿ, ದಾವಣಗೆರೆ
೨೭-೧-೧೯೫೯, ಮಂಗಳವಾರ ಬೆಳಗ್ಗೆ

ಬಾನು,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ, ನೀನು ಕಣ್ಣು ನೋಯಿಸದೆ ಜಮಾಲ್ ಸಾಬರ ಕೈಲಿ ಓದಿಸು. ಈ ಪತ್ರ ತರುವ ಅಂಜಿನಪ್ಪ ಈಗ ಬಿಡುವ ಬಸ್ಸಿಗೆ ಹೊರಟಿದ್ದಾನೆ. ನಾನು ಹಿಂದೆಯೇ ಮೋಟಾರಿನಲ್ಲಿ ಬರುತ್ತಿದ್ದೇನೆ. ಈಗಷ್ಟೇ ಆಸ್ಪತ್ರೆಗೆ ಓಡಿಹೋಗಿ ಬಂದೆ, ಡಾಕ್ಟರಮ್ಮ ವಾರ್ಡಿನ ಕೆಲಸ ಮುಗಿಸಿ ನನ್ನ ಜೊತೆಗೇ ಬರುತ್ತಾರೆ. ನಿನ್ನನ್ನು ಅಲ್ಲಾಡಿಸಬಾರದಂತೆ, ಕತ್ತಲೆ ಮಾಡಿದ ಕೋಣೆಯಲ್ಲಿ ಮಗ್ಗುಲಾಗಿ ಮಲಗಿಸಿರಬೇಕಂತೆ. ನಿನ್ನ ಅತ್ತೆಗೆ ಜಮಾಲ್ ಸಾಬರು ಇದನ್ನು ಮೊದಲು ಓದಿ ಹೇಳಲಿ.

ಇವತ್ತು ಅಂಜಿನಪ್ಪ ಹತ್ತಿ ತಂದ. ಕಥೆ ತರಲಿಲ್ಲ. ನಾನು ಅಂಡಿಗೆಯ ಮೇಲೆ ನಿಂತು ಅವನ ಹತ್ತಿಯನ್ನೇ ಕೂಗುತ್ತಿದ್ದೆ, ಅವನು ತಲೆ ಎತ್ತಿ ನನ್ನನ್ನು ನೋಡುವ ರೀತಿ ಸರಿ ಕಾಣಲಿಲ್ಲ. ಕೂಗು ನಿಲ್ಲಿಸಿ "ಏನಪ್ಪ?" ಅಂದೆ.

"ಮಸ್ತಾನಣ್ಣ, ನಿನ್ನೆ ಹಯಾತ್ ಸಾಬ್ರ ಮನಿಗೆ ಹೋಗಿದ್ದೆ. ನಿನ್ನ ಮಗಳಿಗೆ ಕಣ್ಣು ಮಂಜಾಗೈತಂತೆ. ನೀರು ಕೊಟ್ರೆ ಲೋಟ ಎಲ್ಲೈತಿ ಅಂತ ತಡಕ್ತಾಳಂತೆ. ಮಾತು ಕಮ್ಮಿ ಮಾಡ್ಯಾಳೆ. ನಿಮ್ಮಿಬ್ರ ಹಟಕ್ಕೆ ಬೆಂಕಿ ಬೀಳ್ಲಿ" ಅಂದ. ಅವನ ಕಣ್ಣಲ್ಲಿ ನೀರಿತ್ತು.

ಮಗಳೇ, ನಾನು ಹಾಗೇ ಇಳಿದು ಓಡಿಬಿಡಬಹುದಿತ್ತು. ಆದರೆ ಕೂಗಿದ ಮಾತನ್ನು ಕೂಗಿಯೇ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು, ಕಳ್ಳನ ಹಾಗೆ ಹಿಂಬಾಗಿಲಿನಿಂದಲ್ಲ. ಖರೀದಿದಾರರು ಇದ್ದರು, ರೈತರು ಇದ್ದರು, ಗದ್ದುಗೆಯ ಮೇಲೆ ಸಾವುಕಾರರು ಇದ್ದರು. ಅಂಡಿಗೆಯ ಮೇಲೆ ನಿಂತೇ ಕೂಗಿದೆ:

"ಕೇಳ್ರಿ ಮಂಡಿಯೋರೆ! ಬೀಗರ ಮನ್ಯಾಗೆ ನಾನು ಕೂಗಿದ ಮೂರನೇ ಕೂಗು ವಾಪಸ್ ತಗಂತೀನಿ! ಅದು ಬರೀ ಬಡಾಯಿ! ಈ ಮಸ್ತಾನಸಾಬ್ ಬಡಾಯಿ ಕೊಚ್ಯಾನೆ! ಒಂದು ಸಾರಿ! ಎರಡು ಸಾರಿ!"

ಮೂರನೆಯದು ಗಂಟಲಿನಿಂದ ಹೊರಡಲೇ ಇಲ್ಲ. ಬಾಯಿ ತೆರೆದುಕೊಂಡು ನಿಂತೆ. ಯಾವನೋ ಹಿಂದಿನಿಂದ "ಮೂರು ಸಾರಿ!" ಎಂದು ಕೂಗಿದ. ಮಂಡಿಯೆಲ್ಲ ಹೋ ಎಂದು ನಕ್ಕಿತು. ಅಂಜಿನಪ್ಪನೊಬ್ಬ ನಗಲಿಲ್ಲ. ನಾನು ಟವಲನ್ನು ಅಂಡಿಗೆಗೆ ಬಡಿದು ಇಳಿದೆ.

ಸಾವುಕಾರರು ಕನ್ನಡಕ ತೆಗೆದು ಒರೆಸಿದರು. "ಇನ್ನು ಕೂಗಾಕೆ ಬಕ್ಕೇಶಪ್ಪ ನಿಲ್ತಾನೆ. ನೀನು ತೂಕದ ಕಡಿ ನೋಡ್ಕ" ಅಂದರು. ಆಗಲಿ ಅಂದೆ. ಆಮೇಲೆ ಡ್ರೈವರನ್ನು ಕರೆದು, "ಮೋಟಾರು ತೆಗಿ" ಎಂದು ನನ್ನ ಕಡೆ ತಿರುಗಿ, "ಹೋಗು. ಆದ್ರೆ ಈ ಸಾರಿ ಬಾಯಿ ಮುಚ್ಕಂಡು ಹೋಗು" ಅಂದರು. ದೊಡ್ಡ ಮನುಷ್ಯರು. ಮೋಟಾರು ಬರುತ್ತದೆ ಎಂದು ಆ ದಿನ ನಾನು ಅಷ್ಟು ಜೋರಾಗಿ ಕೂಗಿದ್ದು ಅವರನ್ನು ಒಂದು ಮಾತೂ ಕೇಳದೆ.

ನಿನ್ನ ತಾಯಿ ಬಟ್ಟೆ ಗಂಟು ಕಟ್ಟಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದಾಳೆ. ಹಯಾತ್ ಸಾಬರಿಗೆ ಹೇಳು, ಮಸ್ತಾನಸಾಬ್ ಬಂದು ಹೊಸ್ತಿಲು ತುಳಿಯುತ್ತಾನೆ, ಬಾಯಿಬಿಟ್ಟು ಕರೆಯುತ್ತಾನೆ, ಅವರ ಕೈಯನ್ನೂ ಹಿಡಿಯುತ್ತಾನೆ. ಕಣ್ಣು ಮುಚ್ಚಿಕೊಂಡು ಮಲಗಿರು ನನ್ನ ಕಂದ. ಅಲ್ಲಾಹ್ ನನ್ನ ಆಯುಸ್ಸಿನಲ್ಲಿ ಎಷ್ಟು ಬೇಕೋ ಅಷ್ಟು ಕಿತ್ತು ನಿನಗೆ ಹಾಕಲಿ.

ನಿನ್ನ ಅಬ್ಬಾ
ಮಸ್ತಾನಸಾಬ್

ತಾ. ಕ.: ಆ ಮಾತು ಅಂದವರು ಯಾರೆಂದು ಬರೆಯುವುದಿಲ್ಲ ಎಂದಿದ್ದೆ. ಚಪ್ಪಲಿ ಹುಡುಕುವಾಗ ಪರದೆಯ ಹಿಂದೆ ನಿನ್ನ ಅತ್ತೆ ಗಾಬರಿಯಿಂದ, "ಏನವ್ವ ಬಾನು, ನಿಮ್ಮ ಅಬ್ಬಾ ಹಿಂಗಂದ್ಬಿಟ್ರಲ್ಲ" ಅಂದರು. ಅದಕ್ಕೆ ನೀನು ನಗುತ್ತಾ ಅಂದೆ: "ಬಿಡ್ರಿ ಅಮ್ಮೀ, ನಮ್ಮ ಅಬ್ಬಾಂದು ಬರೀ ಬಡಾಯಿ. ನನ್ನ ಬಿಟ್ಟು ಇರಾಕೆ ಅವ್ರ ಕೈಲಿ ಆಗ್ತೈತಾ? ನಾಳೆನೇ ಬರ್ತಾರೆ ನೋಡ್ತಿರ್ರಿ." ಬೇರೆ ಯಾರು ಅಂದಿದ್ದರೂ ನಾನು ನಕ್ಕು ಮರೆತುಬಿಡುತ್ತಿದ್ದೆ. ನನ್ನ ಮಗಳ ಬಾಯಲ್ಲಿ ಕೇಳಿದೆನಲ್ಲ ಎಂದು ಮೊದಲರ್ಧ ಮಾತು ಹಿಡಿದುಕೊಂಡು ಇಷ್ಟು ದಿನ ಉರಿದೆ. ಉಳಿದರ್ಧವೂ ಕಿವಿಗೆ ಬಿದ್ದಿತ್ತು, ನಿನ್ನ ತಾಯಿಗೂ ಹೇಳಲಿಲ್ಲ. ನೀನು ಆ ನಾಳೆಗಾಗಿ ಕಿಟಕಿಯಲ್ಲಿ ಕಾಯುತ್ತಿದ್ದೆ.

ಮೋಟಾರು ಬಂತು, ಅಂಜಿನಪ್ಪ ಕೈ ಚಾಚಿ ನಿಂತಿದ್ದಾನೆ. ನಾನು ಬಾಗಿಲಿಗೆ ಬಂದಾಗ ನಿನ್ನ ಕಣ್ಣಿಗೆ ಕಾಣದಿದ್ದರೂ ಚಿಂತೆಯಿಲ್ಲ, ದನಿಯಿಂದ ಗುರುತು ಹಿಡಿ. ಒಳಗಿನಿಂದ ಒಂದೇ ಒಂದು ಸಲ "ಬಡಾಯಿ ಬಂದ್ರು" ಅನ್ನು, ಮಗಳೇ. ನನಗೆ ಕೇಳಿಸುವಷ್ಟು ಜೋರಾಗಿ ಅನ್ನು.